ಮಾಸ್ತರರು ನನ್ನ ಬೆನ್ನ ಮೇಲೆ ಕನ್ನಡ ಬರೆದ ದಾರಿ

೧೯೫೬ರ ನವೆಂಬರಿನಲ್ಲಿ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಾನು ಹೇಳುತ್ತಿರುವುದು ಅದರ ಮರುವರ್ಷದ ಸಂಗತಿ. ಆಗ ನನಗೆ ಇಪ್ಪತ್ತೆರಡು. ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಕಲಿತಿದ್ದೆ. ಔರಾದ ರಸ್ತೆಯಿಂದ ಎರಡು ಮೈಲಿ ಒಳಗಿರುವ ನನ್ನ ಹುಟ್ಟೂರಿನ ಶಾಲೆಗೇ ಕನ್ನಡ ಮಾಸ್ತರನಾಗಿ ಬಂದೆ. ಅಲ್ಲಿ ಹೆಡ್ ಮಾಸ್ತರರು ವೈಜಿನಾಥಪ್ಪನವರು. ಹದಿನೈದು ವರ್ಷದ ಹಿಂದೆ ಅದೇ ಕೋಣೆಯಲ್ಲಿ ನನಗೆ ಉರ್ದು ಅಕ್ಷರ ಕಲಿಸಿದವರು ಅವರೇ.

ಮಾಸ್ತರರ ಮನೆಮಾತು ಕನ್ನಡ. ತಾಯಿ ಹೇಳಿಕೊಟ್ಟ ವಚನಗಳು ಅವರಿಗೆ ಬಾಯಿಪಾಠವಾಗಿದ್ದವು. ಆದರೆ ನಿಜಾಮರ ಕಾಲದಲ್ಲಿ ಓದಿದ್ದರಿಂದ ಬರೆಯಲು ಬರುತ್ತಿದ್ದುದು ಉರ್ದು ಮಾತ್ರ. ಆ ವಚನಗಳನ್ನೂ ಒಂದು ಪುಸ್ತಕದಲ್ಲಿ ಉರ್ದು ಲಿಪಿಯಲ್ಲೇ ಬರೆದಿಟ್ಟುಕೊಂಡಿದ್ದರು. ನಮ್ಮ ಕಡೆ ಆಗ ಇದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಬೇಸಿಗೆಯಲ್ಲಿ ಒಂದು ನೋಟೀಸು ಬಂತು. ಅದರ ಮಾತುಗಳು ನನಗೆ ಸರಿಯಾಗಿ ನೆನಪಿಲ್ಲ. ನಮಗೆ ಅರ್ಥವಾದದ್ದು ಇಷ್ಟು: ಕನ್ನಡ ಬರೆಯಲು ಬಾರದ ಮಾಸ್ತರರು ಮಳೆಗಾಲದ ಕೊನೆಗೆ ಬೀದರಿನಲ್ಲಿ ಒಂದು ಪರೀಕ್ಷೆಗೆ ಕೂರಬೇಕು; ಪಾಸಾಗದವರು ಶಾಲೆಯಲ್ಲಿ ಉಳಿಯುವಂತಿಲ್ಲ. ಮಾಸ್ತರರಿಗೆ ಐವತ್ತೆರಡಾಗಿತ್ತು. ಪಾಠ ಹೇಳುವುದು ಬಿಟ್ಟು ಬೇರೆ ಯಾವ ಕೆಲಸವನ್ನೂ ಅವರು ಮಾಡಿದವರಲ್ಲ.

"ನಾ ಕಲಿಸ್ತೇನಿ, ಶಾಲೆ ಬಿಟ್ಟ ಮ್ಯಾಲ ಕೂಡೋಣರಿ" ಎಂದೆ.

"ಸಾಲ್ಯಾಗ ಬ್ಯಾಡ. ಹುಡುಗರು ಕಿಟಕ್ಯಾಗ ಇಣುಕತಾವ. ಹೆಡ್ ಮಾಸ್ತರ್ ಅ ಆ ತಿದ್ದಾಕತ್ಯಾನ ಅಂತ ಊರ ತುಂಬ ಡಂಗುರ ಹೊಡೀತಾವ."

"ಮತ್ತ ಎಲ್ಲಿ?"

"ಸೈಕಲ್ ತಗೀ" ಎಂದರು.

ಹೀಗೆ ನಮ್ಮ ಶಾಲೆ ರಸ್ತೆಗೆ ಬಂತು. ನಾಲ್ಕು ತಿಂಗಳು, ಪ್ರತಿ ಭಾನುವಾರ, ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಅವರನ್ನು ಕೂರಿಸಿಕೊಂಡು ನಮ್ಮೂರಿನಿಂದ ಜನವಾಡದ ತನಕ ಹೋಗಿ ಬರುತ್ತಿದ್ದೆ. ಮೊದಲ ಎರಡು ಮೈಲಿ ತೊಗರಿ, ಜೋಳದ ಹೊಲಗಳ ನಡುವಿನ ಬಂಡಿದಾರಿ, ಕಪ್ಪು ಮಣ್ಣು. ಮಳೆ ಬಿದ್ದರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ ಅಲುಗುತ್ತಿರಲಿಲ್ಲ. ಕೆರೆಯಲು ಒಂದು ತೊಗರಿ ಕಟ್ಟಿಗೆ ಸಿಕ್ಕಿಸಿಕೊಂಡಿರುತ್ತಿದ್ದೆವು. ಆಮೇಲೆ ಹುಣಸೆ ಮರಗಳ ಸಡಕು, ಮಾಂಜರಾ ನದಿ, ಅದರಾಚೆ ಜನವಾಡ. ಬಸ್ಸು ಬಂದರೆ ದಿನಕ್ಕೆ ಒಂದೋ ಎರಡೋ. ಉಳಿದಂತೆ ಚೈನಿನ ಸದ್ದು, ಗೀಜಗನ ಸದ್ದು, ಮಾಸ್ತರರ ಪ್ರಶ್ನೆಗಳು.

ಮಾಸ್ತರರು ಹಿಂದೆ ಕೂತು ನನ್ನ ಬೆನ್ನಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿದ್ದರು. ನಾನು ಪೆಡಲ್ ತುಳಿಯುತ್ತ ಅದು ಯಾವ ಅಕ್ಷರವೆಂದು ಹೇಳಬೇಕು. ತಪ್ಪಿದ್ದರೆ ಇಳಿದು ತೊಗರಿ ಕಟ್ಟಿಗೆಯಿಂದ ಧೂಳಿನಲ್ಲಿ ಬರೆದು ತೋರಿಸುತ್ತಿದ್ದೆ. ಮೊದಮೊದಲು ಅವರ ಬೆರಳು ಉರ್ದುವಿನ ರೂಢಿಯಂತೆ ನನ್ನ ಬಲ ಹೆಗಲಿನಿಂದ ಹೊರಡುತ್ತಿತ್ತು. ನಾನು ಎಡ ಹೆಗಲು ಕುಣಿಸುತ್ತಿದ್ದೆ.

"ಎಡದಿಂದರಿ, ಮಾಸ್ತರ್."

"ನಲವತ್ತು ವರ್ಷದ ಕೈ ಇದು. ಎತ್ತಿನಂಗ ಹಳೀ ದಾರಿಗೇ ಎಳೀತದ. ನೀ ನಕ್ರ ಬೆತ್ತ ತರ್ತೇನಿ ನೋಡು."

ತಿಂಗಳೊಳಗೆ ಬೆರಳು ಎಡದಿಂದ ಹೊರಟಿತು. ಓದಲು ಮೈಲಿಗಲ್ಲು, ಅಂಗಡಿಯ ಬೋರ್ಡು, ನಾನು ಬರೆದುಕೊಟ್ಟ ಚೀಟಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಪಾಟಿಯ ಮೇಲೆ ತಿದ್ದುತ್ತಿದ್ದರು. ನಾಲ್ಕು ತಿಂಗಳಲ್ಲಿ ಅವರ ಕೈಗೆ ನಾನು ಒಂದೇ ಒಂದು ಕನ್ನಡ ಪುಸ್ತಕ ಕೊಡಲಿಲ್ಲ. ಅದು ಎಂಥ ತಪ್ಪೆಂದು ಆಗ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಹೊರಟು ಬೀದರ ಮುಟ್ಟಿದೆವು. ಒಂದು ಗಂಟೆಗೆ ಮಾಸ್ತರರು ಹೊರಗೆ ಬಂದಾಗ ಮುಖ ಅರಳಿತ್ತು. "ಐದು ಪುಟ ಬರದೀನಿ, ಶಿವರಾಜ! ನಿಬಂಧ ಏನ್ ಕೊಟ್ಟಿದ್ರು ಗೊತ್ತದ ಏನು? ‘ನಾನು ನೋಡಿದ ಒಂದು ದಾರಿ’ ಅಂತ. ನಮಗಂತೇ ಕೊಟ್ಟಂಗಿತ್ತು." ಉತ್ತರ ಪತ್ರಿಕೆಗಳ ಕಟ್ಟು ಐದು ಗಂಟೆಯ ಬಸ್ಸಿಗೆ ಗುಲ್ಬರ್ಗಾಕ್ಕೆ ಹೋಗುತ್ತದೆಂಬ ಸುದ್ದಿಯನ್ನೂ ತಂದಿದ್ದರು.

ಘಾಟಿ ಇಳಿದು ಎಂಟು ಮೈಲಿ ಬಂದು ಜನವಾಡದಲ್ಲಿ ಚಹಾಕ್ಕೆ ನಿಂತೆವು. ಹೋಟೆಲ್ ನಡೆಸುತ್ತಿದ್ದ ಮುದುಕಿ ಚಾಂದಬೀ ನಮ್ಮನ್ನು ನಾಲ್ಕು ತಿಂಗಳಿಂದ ನೋಡಿದವಳು.

"ಏನ್ ಮಾಸ್ತರ್, ಇಮ್ತಿಹಾನ್ ಆತೇನು? ಇನ್ನ ಬೆನ್ನ ಕೆರಿಯೋದು ಬಂದ್ ಅಲ್ಲಾ?"

"ಪಾಸ್ ಆತು ಅನ್ಕೋ ಅವ್ವಾ. ತಾ ಇಲ್ಲಿ, ಓದಿ ತೋರಿಸ್ತೇನಿ." ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಒಂದು ಕನ್ನಡ ಪಂಚಾಂಗವಿತ್ತು. ಮಾಸ್ತರರು ಅದನ್ನು ಎತ್ತಿಕೊಂಡರು, ಬೋರಲು ಮಾಡಿದರು, ಹಿಂದಿನ ರಟ್ಟನ್ನು ತೆರೆದು ಕೊನೆಯ ಪುಟದಿಂದ ಓದಲು ಶುರುಮಾಡಿದರು.

ನಾನು ಚಹಾ ಕೆಳಗಿಟ್ಟೆ.

"ಅದ್ಯಾಕ ಹಂಗ ತೆಗೆದ್ರಿ?"

"ಹಂಗ ಅಂದ್ರ? ಕಿತಾಬ್ ಮತ್ತ ಹ್ಯಾಂಗ ತೆಗೀತಾರ?"

ಉರ್ದು ಪುಸ್ತಕ ಆ ಕಡೆಯಿಂದಲೇ ತೆರೆಯುತ್ತದೆ. ಸಾಲು ಎಡದಿಂದ ಎಂದು ನಾನು ಕಲಿಸಿದ್ದೆ. ಪುಟವೂ ಎಡಕ್ಕೆ ತಿರುಗುತ್ತದೆ ಎಂದು ಕಲಿಸಿರಲಿಲ್ಲ. ಬೆನ್ನಿಗಾಗಲಿ ಪಾಟಿಗಾಗಲಿ ಪುಟಗಳಿರುವುದಿಲ್ಲ.

"ಪರೀಕ್ಷಾದಾಗ, ಮಾಸ್ತರ್?"

ಅವರಿಗೆ ನಿಧಾನವಾಗಿ ಅರ್ಥವಾಯಿತು. ಪಂಚಾಂಗ ಮುಚ್ಚಿ ಬೆಂಚಿನ ಮೇಲೆ ಇಟ್ಟರು. "ನನ್ನ ನಂಬರ್ ಬರದಿದ್ದ ಹಾಳಿ ಕೆಳಗ ಮಾಡಿ ಹಿಂಗೇ ಸುರು ಮಾಡ್ದೆ, ಶಿವರಾಜ."

ತಿದ್ದುವವರು ಮುಂದಿನಿಂದ ತೆರೆದರೆ ಮೊದಲು ಖಾಲಿ ಪುಟಗಳು, ಆಮೇಲೆ ನಿಬಂಧದ ಕೊನೆ, ಆಮೇಲೆ ಅದಕ್ಕೂ ಹಿಂದಿನದು. ಖಾಲಿ ಎಂದು ಪಕ್ಕಕ್ಕಿಟ್ಟರೂ ಇಡಬಹುದು. ಬಿಸಿಲು ನೋಡಿದರೆ ಮೂರು ಗಂಟೆ ಆಗಿರಬೇಕು.

"ಹೋಗಲಿ ಬಿಡು" ಎಂದರು ಮಾಸ್ತರರು. "ಹುಡುಗರು ನಪಾಸಾದ್ರ ಮುಂದಿನ ವರ್ಷ ಬಾ ಅಂತಿದ್ದೆ."

"ನಿಮಗ ಮುಂದಿನ ವರ್ಷ ಇಲ್ಲರಿ. ಹತ್ರಿ ಜಲ್ದಿ."

ಚಾಂದಬೀ ಚಹಾದ ದುಡ್ಡು ಮುಟ್ಟಲಿಲ್ಲ. "ಬೆನ್ನ ಆಮ್ಯಾಲ ಕೆರಿಯೋಣಂತ, ಓಡ್ರಿ" ಎಂದಳು.

ಬಯಲಿನಲ್ಲಿ ತುಳಿದದ್ದೇನೋ ಸರಿ. ಬೀದರಿನ ಘಾಟಿ ಏರುವಾಗ ಇಬ್ಬರನ್ನು ಹೊರಲು ಕಾಲಿಗೆ ಆಗಲಿಲ್ಲ. ಮಾಸ್ತರರು ಇಳಿದರು. ನಾನೊಬ್ಬನೇ ಹೋಗಿ ಹೇಳಲೆಂದರೆ ಪತ್ರಿಕೆ ನನ್ನದಲ್ಲ, ಕೇಳುವವರು ಯಾರು? ಅವರು ಧೋತರ ಎತ್ತಿ ಕಟ್ಟಿ, ಎರಡೂ ಕೈಯಿಂದ ಕ್ಯಾರಿಯರ್ ತಳ್ಳುತ್ತ ಸೈಕಲ್ಲಿನ ಹಿಂದೆ ಓಡತೊಡಗಿದರು. ಕೆಂಪು ಮಣ್ಣಿನ ಮೇಲೆ ಅವರ ಚಪ್ಪಲಿಯ ಸದ್ದು, ಏದುಸಿರು. ಹಿಂದಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

"ನಿಲ್ಲಲೇನ್ರಿ?" ಎಂದು ಕೇಳಿದೆ.

"ಮುಂದ ನೋಡಿ ಹೊಡಿ" ಎಂದರು. ಹದಿನೈದು ವರ್ಷದ ಹಿಂದೆ ತರಗತಿಯಲ್ಲಿ ಕೇಳಿದ ದನಿ ಅದು.

ನಾವು ಮುಟ್ಟಿದಾಗ ಉತ್ತರ ಪತ್ರಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ ಆಗಿತ್ತು. ಜವಾನ ಅರಗು ಕರಗಿಸುತ್ತಿದ್ದ. ಮೇಜಿನ ಹಿಂದೆ ಮೈಸೂರು ಕಡೆಯಿಂದ ಬಂದಿದ್ದ ಅಧಿಕಾರಿ, ಕೋಟು ತೊಟ್ಟ ತೆಳ್ಳಗಿನ ಮನುಷ್ಯ.

"ಏನ್ ಸ್ವಾಮಿ, ಏನಾಗ್ಬೇಕಿತ್ತು?" ಎಂದರು.

ಮಾಸ್ತರರಿಗೆ ಏದುಸಿರು ನಿಂತಿರಲಿಲ್ಲ. ನಾನೇ ಹೇಳಿದೆ. ಅಧಿಕಾರಿ ಕೇಳಿಸಿಕೊಂಡು ತಲೆಯಾಡಿಸಿದರು. "ಬರೆದವ್ರು ಮತ್ತೆ ಪತ್ರಿಕೆ ಮುಟ್ಟೋ ಹಾಗಿಲ್ಲ. ನಿಯಮ."

"ನಾ ಮುಟ್ಟಂಗಿಲ್ಲರಿ" ಎಂದರು ಮಾಸ್ತರರು. "ಒಂದಕ್ಷರ ತಿದ್ದಂಗಿಲ್ಲ. ನನ್ನ ಸುರು ಹಿಂದ ಅದ, ಅಷ್ಟ ತಿಳೀಲಿ ಅಂತ ಬಂದೀನಿ. ತಪ್ಪ ನಂದೇ ಅದರಿ."

ಅಧಿಕಾರಿ ಅವರ ಧೂಳು ಮೆತ್ತಿದ ಕಾಲುಗಳನ್ನು ನೋಡಿದರು. "ಇವತ್ತು ಬರೆದವ್ರಲ್ಲಿ ಉರ್ದು ಓದಿದವ್ರು ಎಷ್ಟು ಜನ?"

"ಎಲ್ಲಾರೂ" ಎಂದೆ.

ಅವರು ಜವಾನನಿಗೆ ಅರಗು ಇಳಿಸಲು ಹೇಳಿದರು. ಗಂಟು ಬಿಚ್ಚಿ ಒಂದೊಂದೇ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾನು ನಿಂತಲ್ಲೇ ಎಣಿಸುತ್ತಿದ್ದೆ. ಕೊನೆಯ ಪುಟದಿಂದ ಶುರುವಾದವು ಒಂಬತ್ತು. ಬಾಕಿ ಎಂಟು ಜನಕ್ಕೆ ತಾವು ತಪ್ಪಿದ್ದೇ ಗೊತ್ತಿರಲಿಲ್ಲ.

ಮಾಸ್ತರರ ಪತ್ರಿಕೆ ಕೈಗೆ ಬಂದಾಗ ಅಧಿಕಾರಿ ಅದರ ಮೊದಲ ಸಾಲುಗಳನ್ನು, ಅಂದರೆ ಕೊನೆಯ ಪುಟದ್ದನ್ನು, ಗಟ್ಟಿಯಾಗಿ ಓದಿದರು. "‘ನಮ್ಮ ಊರಿನಿಂದ ಬೀದರಕ್ಕೆ ಹೋಗುವ ದಾರಿಯನ್ನು ನಾನು ಪೂರ್ತಿ ನೋಡಿಲ್ಲ. ನನ್ನ ಮುಂದೆ ಯಾವಾಗಲೂ ನನ್ನ ಗುರುವಿನ ಬೆನ್ನು ಇರುತ್ತದೆ.’" ತಲೆಯೆತ್ತಿ ಕೇಳಿದರು, "ಯಾರು ನಿಮ್ಮ ಗುರು?"

ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ನಾನು ನೆಲ ನೋಡಿದೆ.

ಅಧಿಕಾರಿ ಒಂದು ಹಾಳೆ ತೆಗೆದು, ಈ ಕಟ್ಟಿನ ಒಂಬತ್ತು ಉತ್ತರಗಳು ಕೊನೆಯ ಪುಟದಿಂದ ಆರಂಭವಾಗುತ್ತವೆ, ಹಾಗೆಯೇ ಓದಬೇಕು ಎಂದು ಬರೆದು ಸಹಿ ಹಾಕಿದರು. ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಕಟ್ಟಿಸಿದರು. ನಮ್ಮ ಕಣ್ಣೆದುರಿಗೇ ಅರಗು ಬಿತ್ತು. ಅವರ ಹೆಸರು ಕೇಳಬೇಕೆಂದು ನಮಗಿಬ್ಬರಿಗೂ ತೋಚಲಿಲ್ಲ. ಅದೊಂದು ಕೊರತೆ ನನಗೆ ಈಗಲೂ ಉಳಿದಿದೆ.

ವಾಪಸು ಘಾಟಿ ಇಳಿಯುವಾಗ ಬಿಸಿಲು ತಗ್ಗಿತ್ತು. ಮಾಸ್ತರರ ಬೆರಳು ನನ್ನ ಎಡ ಹೆಗಲಿನಿಂದ ಬಲಕ್ಕೆ ಒಂದು ಸಾಲು ಎಳೆಯಿತು. ಅದರ ಕೆಳಗೆ ಇನ್ನೊಂದು, ಮತ್ತೊಂದು, ಸೊಂಟದ ತನಕ. ಅಲ್ಲಿ ನಿಂತು, ಬಲ ಪಕ್ಕೆಯ ಹತ್ತಿರ ನನ್ನ ಅಂಗಿಯ ಅಂಚು ಹಿಡಿದು, ಮೆಲ್ಲಗೆ ಎಡಕ್ಕೆ ಎಳೆದರು.

"ಹಿಂಗ ಹೌದಲ್ಲ?"

"ಹೌದ್ರಿ" ಎಂದೆ.

ದೀಪಾವಳಿ ಕಳೆದ ಮೇಲೆ ಫಲಿತಾಂಶ ಬಂತು. ಮಾಸ್ತರರು ಪಾಸಾಗಿದ್ದರು. ನಿವೃತ್ತಿಯ ತನಕ ಅದೇ ಶಾಲೆಯಲ್ಲಿದ್ದರು. ಕೊನೆಯ ವರ್ಷಗಳಲ್ಲಿ ತಾಯಿಯ ವಚನಗಳನ್ನೆಲ್ಲ ಹೊಸ ಪುಸ್ತಕವೊಂದರಲ್ಲಿ ಕನ್ನಡದಲ್ಲಿ ಬರೆದರು, ಮೊದಲ ಪುಟದಿಂದಲೇ.

ನಾನು ಮುಂದೆ ಶಾಲೆ ಬಿಟ್ಟು ವಾರಪತ್ರಿಕೆಯೊಂದರ ಕೆಲಸಕ್ಕೆ ಸೇರಿದೆ. ಊರೂರುಗಳಿಂದ ಬರುವ ಬರಹದ ಕಟ್ಟುಗಳನ್ನು ನೋಡುವುದು ಮೂವತ್ತು ವರ್ಷ ನನ್ನ ಕೆಲಸವಾಗಿತ್ತು. ಮೊದಲ ಹಾಳೆ ಖಾಲಿ ಕಂಡರೆ ಪಕ್ಕಕ್ಕಿಡುವ ಮೊದಲು ಕಟ್ಟನ್ನು ಒಮ್ಮೆ ಬೋರಲು ಹಾಕಿ ಹಿಂದಿನಿಂದ ನೋಡುತ್ತಿದ್ದೆ. ಹೆಚ್ಚಿನ ಸಲ ಅಲ್ಲಿಯೂ ಏನೂ ಇರುತ್ತಿರಲಿಲ್ಲ. ಆದರೂ ನೋಡದೆ ಬಿಟ್ಟಿಲ್ಲ. ಆಗೆಲ್ಲ ಬಲ ಪಕ್ಕೆಯ ಹತ್ತಿರ ಯಾರೋ ಅಂಗಿಯನ್ನು ಮೆಲ್ಲಗೆ ಎಳೆದಂತಾಗುತ್ತಿತ್ತು.