ಟಪಾಲಕ್ಕನ ಎಡಗಾಲು

ಇಪ್ಪತ್ತಾರು ವರ್ಷ ಸೈಕಲ್ ಮೇಲೆ ಕಾಗದ ಹಂಚಿ ಒಮ್ಮೆಯೂ ಬೀಳದ ನಮ್ಮಕ್ಕ, ಕಿಟಕಿಯ ಪರದೆ ಬಿಚ್ಚಲು ಸ್ಟೂಲ್ ಹತ್ತಿ ಬಿದ್ದಳು. ಎಡ ಮಂಡಿಯ ಚಿಪ್ಪು ಬಿರುಕು ಬಿಟ್ಟಿತು. "ಪರದೆ ಕೊಳೆಯಾಗಿದ್ರೆ ಯಾರ ಗಂಟು ಹೋಗ್ತಿತ್ತು?" ಎಂದು ಭಾವ ಗೊಣಗಿದರು. ಪರದೆ ಕೊಳೆಯಾಗಿದೆ ಎಂದು ಹಿಂದಿನ ದಿನ ಹೇಳಿದವರು ಅವರೇ ಎಂದು ನಾನು ನೆನಪಿಸಿದೆ. ಅವರು ಟೀ ಮಾಡಲು ಒಳಗೆ ಹೋದರು.

ಅಕ್ಕನನ್ನು ಅವಳ ಬೀದಿಗಳಲ್ಲಿ ಎಲ್ಲರೂ ಟಪಾಲಕ್ಕ ಎನ್ನುತ್ತಾರೆ. ಇನ್ನೂರ ಹನ್ನೊಂದು ಗೇಟುಗಳು ಅವಳ ಪಾಲಿನವು. ಯಾವ ಮನೆಯಲ್ಲಿ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ನಾಯಿ ಸಾಧು, ಯಜಮಾನನೇ ಮೈಮೇಲೆ ಬೀಳುತ್ತಾನೆ ಎಂಬುದೆಲ್ಲ ಬಾಯಿಪಾಠ. ಕಚೇರಿಯಿಂದ ಪತ್ರ ಬಂತು: ಹದಿನಾಲ್ಕು ವಾರ ರಜೆ, ಆಮೇಲೆ ಮೇಲ್ವಿಚಾರಕರ ಎದುರು ಇಡೀ ಸುತ್ತನ್ನು ಒಬ್ಬಳೇ ಮುಗಿಸಿ ತೋರಿಸಬೇಕು. ಆಗದಿದ್ದರೆ ನಿವೃತ್ತಿಯವರೆಗೆ ಕಾಗದ ವಿಂಗಡಿಸುವ ಕೋಣೆಯಲ್ಲಿ ಕುರ್ಚಿ. ಸಂಬಳ ಮೊದಲಿನಷ್ಟೇ, ಬಿಸಿಲಿಲ್ಲ, ಫ್ಯಾನ್ ಇದೆ. ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂಳೆ ಕೂಡಿದ ಮೇಲೆ ಫಿಸಿಯೋ ಹುಡುಗಿ, "ಮನೆಯೊಳಗೇ ಸೈಕಲ್ ತುಳೀರಿ ಆಂಟಿ. ಕೂತ್ಕೊಂಡೇ, ಹಗುರವಾಗಿ" ಎಂದಳು. ಸರಿ, ನಾವಿಬ್ಬರೂ ಅಂಗಡಿಗೆ ಹೊರಟೆವು. ನಾನು ಕನ್ನಡಕದ ಅಂಗಡಿ ನಡೆಸುವವಳು, ಗಿರಾಕಿಗಳ ತಿಕ್ಕಲುತನ ನನಗೆ ಹೊಸದಲ್ಲ. ಆದರೆ ನಮ್ಮಕ್ಕನಂಥ ಗಿರಾಕಿ ಶತ್ರುವಿಗೂ ಬೇಡ.

ಅಂಗಡಿಯವನು ಮೊದಲು ತೋರಿಸಿದ್ದು ಟೀವಿಯಂಥದ್ದು ಅಂಟಿಸಿದ್ದ, ಚಕ್ರವೇ ಇಲ್ಲದ ಸೈಕಲ್. "ಕೂತಲ್ಲೇ ಇಪ್ಪತ್ತು ದೇಶದ ರಸ್ತೆ ತೋರ್ಸುತ್ತೆ ಮೇಡಂ."

"ನಮ್ಮ ಬೀದಿ ತೋರ್ಸುತ್ತಾ?"

"ಇಲ್ಲ ಮೇಡಂ."

"ಮತ್ಯಾಕಪ್ಪ?"

ಎರಡನೆಯದು ಮೂರು ಉರುಳೆಗಳ ಚೌಕಟ್ಟು. ಅದರ ಮೇಲೆ ನಮ್ಮ ಸೈಕಲ್ಲನ್ನು ಸುಮ್ಮನೆ ನಿಲ್ಲಿಸಿ, ಬೀಳದ ಹಾಗೆ ತುಳಿಯುತ್ತಿರಬೇಕು. "ಇದು ಸರ್ಕಸ್ಸಿನವರಿಗೆ" ಎಂದು ಅಕ್ಕ ಮುಂದೆ ಸರಿದಳು. ಮೂರನೆಯದು ಗಟ್ಟಿ ಕಬ್ಬಿಣದ ಸ್ಟ್ಯಾಂಡ್. ಸೈಕಲ್ಲಿನ ಹಿಂಚಕ್ರವನ್ನು ಎರಡೂ ಕಡೆಯಿಂದ ಕಚ್ಚಿ ಎತ್ತಿ ಹಿಡಿಯುತ್ತದೆ, ಚಕ್ರ ಒಂದು ಉರುಳೆಗೆ ಉಜ್ಜುತ್ತ ಸುತ್ತುತ್ತದೆ. ತಿರುಪು ಬಿಗಿ ಮಾಡಿದರೆ ಏರು, ಸಡಿಲ ಮಾಡಿದರೆ ಇಳಿಜಾರು.

"ನನ್ನ ಸೈಕಲ್ಲೇ ಇಡಬಹುದಾ? ಅಲ್ಲಾಡಲ್ವಾ?"

"ಬಂಡೆ ಮೇಡಂ, ಬಂಡೆ. ಬೀಳ್ಬೇಕು ಅಂದ್ರೂ ಬೀಳಕ್ಕಾಗಲ್ಲ."

ಆ ಒಂದು ಮಾತಿಗೆ ಅಕ್ಕ ಸೋತಳು. ಸ್ಟೂಲು ಇನ್ನೂ ಅವಳ ಕಣ್ಣಮುಂದಿತ್ತು. ಮೆತ್ತನೆ ಸೀಟಿನ ಟೀವಿ ಸೈಕಲ್ಲೇ ವಾಸಿ ಎಂದು ನಾನು ಎಷ್ಟು ಹೇಳಿದರೂ ಅವಳ ಮೊಲಕ್ಕೆ ಮೂರೇ ಕಾಲು. ಮನೆಗೆ ತಂದರೆ ಟಪಾಲು ಸೈಕಲ್ಲಿನ ದಪ್ಪ ನಟ್ಟುಗಳು ಸ್ಟ್ಯಾಂಡಿನ ಬಾಯಿಗೆ ಹಿಡಿಯಲಿಲ್ಲ. ಭಾವ ಅರ್ಧ ದಿನ ರಿಪೇರಿಯವನ ಹತ್ತಿರ ಕೂತು ನಟ್ಟು ಬದಲಾಯಿಸಿಕೊಂಡು, ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಬಂದರು.

ಅಂದಿನಿಂದ ನಡುಮನೆಯಲ್ಲಿ ದಿನವೂ ನಲವತ್ತು ನಿಮಿಷ ಬಿಡದೆ ಗರಗರ ಸದ್ದು. ಭಾವನ ಸುದ್ದಿ ಚಾನೆಲ್ಲಿನ ಕೂಗಾಟವೇ ಅದರಲ್ಲಿ ಅಡಗಿಹೋಯಿತು, ಅದೊಂದು ಪುಣ್ಯ. ಅಕ್ಕ ತುಳಿಯುತ್ತಲೇ ಒಂದೊಂದೇ ಮನೆಯ ನಂಬರು ಜಪಿಸುತ್ತಿದ್ದಳು. ಫಿಸಿಯೋ ಹುಡುಗಿ ಟೇಪು ಹಿಡಿದು ಅಳೆದಾಗ, ಸೊರಗಿದ್ದ ಎಡ ತೊಡೆ ತುಂಬಿಕೊಂಡು ಎರಡೂ ಒಂದೇ ಸಮ. "ನೋಡ್ದೇನೇ?" ಎಂದು ಅಕ್ಕ ನನ್ನ ಕಡೆ ಹುಬ್ಬು ಹಾರಿಸಿದಳು. ನಾನು ಒಪ್ಪಿಕೊಳ್ಳಬೇಕಾಯಿತು.

ಹನ್ನೆರಡನೆಯ ವಾರ ಸೈಕಲ್ ಬೀದಿಗಿಳಿಯಿತು. ಅಕ್ಕ ಹೊರಟ ಠೀವಿ ನೋಡಬೇಕಿತ್ತು! ಒಂದು ಸುತ್ತು ಹೋಗಿ ಬಂದು ನಮ್ಮ ಗೇಟಿನ ಮುಂದೆ ಬ್ರೇಕ್ ಹಿಡಿದಳು. ಎಡಗಾಲು ಅರ್ಧ ಇಳಿಯಿತು, ಬೆಂಕಿ ಮುಟ್ಟಿದ ಹಾಗೆ ಮತ್ತೆ ಮೇಲೇರಿತು. ಸೈಕಲ್ ವಾಲತೊಡಗಿತು. "ಹಿಡ್ಕೊಳ್ಳೇ! ಹಿಡ್ಕೊಳ್ಳೇ!" ನಾನು ಓಡಿ ಅಕ್ಕನನ್ನೂ ಸೈಕಲ್ಲನ್ನೂ ಒಟ್ಟಿಗೆ ತಬ್ಬಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವಳು ನಗಲಿಲ್ಲ.

ಆಗ ಹೊಳೆಯಿತು. ಟಪಾಲಿನವರು ಸೈಕಲ್ ತುಳಿಯುವುದು ಗೇಟಿನಿಂದ ಗೇಟಿಗೆ, ಹತ್ತಾರು ಹೆಜ್ಜೆ ದೂರ ಅಷ್ಟೇ. ಅವರ ಕೆಲಸವೆಲ್ಲ ಕಾಲು ಊರುವುದರಲ್ಲೇ ಇದೆ. ಅದೂ ಎಡಗಾಲು, ಯಾಕೆಂದರೆ ಗೇಟು ಇರುವುದು ಎಡಕ್ಕೆ. ನಾವು ತಂದದ್ದೋ, ಕಾಲೂರುವ ಅಗತ್ಯವೇ ಇಲ್ಲದ ಬಂಡೆ. ಫಿಸಿಯೋ ಹುಡುಗಿಗಾಗಲಿ ನನಗಾಗಲಿ ಇದು ಹೊಳೆಯದಿದ್ದರೆ ಕ್ಷಮಿಸಬಹುದು. ಇಪ್ಪತ್ತಾರು ವರ್ಷದ ಟಪಾಲಕ್ಕನಿಗೇ ಹೊಳೆಯಲಿಲ್ಲವಲ್ಲ!

ಸ್ಟ್ಯಾಂಡ್ ಮಂಚದ ಕೆಳಗೆ ಹೋಯಿತು. ಹತ್ತು ದಿನ, ಬೆಳಿಗ್ಗೆ ಸಂಜೆ, ಅವಳು ಗೇಟಿನ ಮುಂದೆ ನಿಲ್ಲಿಸುವುದು, ನಾನು ತೋಳು ಕೊಡುವುದು. ತೋಳಿದ್ದರೆ ಸರಿ, ತೋಳು ತೆಗೆದರೆ ಎಡಗಾಲು ಮತ್ತೆ ಮೇಲಕ್ಕೇ. "ಮಂಡಿ ಗಟ್ಟಿ ಇದೆ, ನಂಗೊತ್ತು. ಕಾಲು ನನ್ ಮಾತು ಕೇಳ್ತಿಲ್ಲ" ಎಂದು ಕೊನೆಯ ದಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಅಕ್ಕ ಅತ್ತದ್ದನ್ನು ನಾನು ಕಂಡದ್ದೇ ಕಡಿಮೆ. ನನಗೂ ದುಃಖ ತಡೆಯಲಾಗಲಿಲ್ಲ.

ಪರೀಕ್ಷೆಯ ದಿನ ಜೊತೆಗೆ ಯಾರೂ ಹೋಗುವಂತಿರಲಿಲ್ಲ. ನಾನು ಅಂಗಡಿಯಲ್ಲಿ ಒಬ್ಬರ ಕನ್ನಡಕವನ್ನು ಇನ್ನೊಬ್ಬರ ಡಬ್ಬಿಗೆ ಹಾಕುತ್ತ ಕೂತಿದ್ದೆ. ಮಧ್ಯಾಹ್ನ ಮೂರಕ್ಕೆ ಬಾಗಿಲಲ್ಲಿ ಅಕ್ಕ, ಬೆವರಿಳಿಸಿಕೊಂಡು, ಹೆಗಲಲ್ಲಿ ಖಾಲಿ ಚೀಲ.

"ನಾಳೆಯಿಂದ ಡ್ಯೂಟಿ" ಎಂದಳು.

"ಅದು ಸರಿ, ಮೊದಲನೇ ಗೇಟಲ್ಲಿ ಏನ್ ಮಾಡ್ದೆ?"

ಅಕ್ಕ ಚೀಲ ಕೆಳಗಿಟ್ಟಳು. "ಆ ಮನೆ ಅಜ್ಜಿ ಆಗ್ಲೇ ಹೊರಗ್ ಬಂದು ಕೈ ಚಾಚಿದ್ರು ಕಣೇ. ಅವರ ಕಾಗದ ನನ್ ಕೈಲಿತ್ತು. ಕೊಟ್ಟೆ. ಕೊಟ್ಟಾದ್ಮೇಲೆ ನೋಡ್ತೀನಿ, ನಿಂತಿದೀನಿ."