ಸಹನಾಳ ಹಿಂದೆ ಓಡಿದ್ದು

ಬಸ್ಸು ಹಿಡಿಯಲಿಕ್ಕಲ್ಲದೆ ಬೇರೆ ಯಾವ ಕಾರಣಕ್ಕೂ ಓಡಿದವನಲ್ಲ ನಾನು. ಅದೂ ಕಂಡಕ್ಟರ್ ನನ್ನನ್ನು ನೋಡಿದ್ದಾನೆಂದು ಖಾತ್ರಿಯಾದ ಕೂಡಲೇ ಓಟವನ್ನು ನಡಿಗೆಗೆ ಇಳಿಸುವವನು. ಇಂಥವನನ್ನು ಐವತ್ತು ದಾಟಿದ ಮೇಲೆ ಕಡಬದ ಶಾಲೆಯ ಮೈದಾನಕ್ಕೆ ಎಳೆದು ತಂದವಳು ಅಕ್ಕನ ಮಗಳು ಸಹನಾ.

ಸಹನಾಳಿಗೆ ಆಟಿಸಂ ಇದೆ. ಕಾಲೇಜು ಮುಗಿಸಿದ ಹುಡುಗಿ, ಬೇಕಾದಷ್ಟೇ ಮಾತು. ಮಿಕ್ಸಿ ತಿರುಗಿದರೆ, ಮನೆಯಲ್ಲಿ ನೆಂಟರು ತುಂಬಿದರೆ ಅವಳಿಗೆ ತಡೆಯುವುದಿಲ್ಲ. ಕೈ ಕಚ್ಚಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ಒಂದು ದಿನ ಹಾಗೆಯೇ ಗೇಟು ದಾಟಿ ಕೋಡಿಂಬಾಳದ ರಸ್ತೆಯಲ್ಲಿ ಓಡಿಬಿಟ್ಟಳಂತೆ. ಅಕ್ಕ ಸೀರೆ ಎತ್ತಿಕಟ್ಟಿ ಬೆನ್ನು ಹತ್ತಿದಳು. ಕೊನೆಗೆ ಬೆವತು ನಿಂತ ಮಗಳು ಕೈ ಕಚ್ಚಲಿಲ್ಲ, ಹಸಿವಾಗುತ್ತಿದೆ ಎಂದಳು. ಬೇರೆ ಯಾರಾದರೂ ಆಗಿದ್ದರೆ ಗೇಟಿಗೆ ಬೀಗ ಹಾಕುತ್ತಿದ್ದರು. ಅಕ್ಕ ಪೇಟೆಗೆ ಹೋಗಿ ಇಬ್ಬರಿಗೂ ಶೂ ತಂದಳು.

ಅಂದಿನಿಂದ ಬೆಳಗ್ಗೆ ತಾಯಿ ಮಗಳ ಓಟ. ಇದು ಔಷಧವೆಂದು ಅಕ್ಕ ಹೇಳುವುದಿಲ್ಲ. ಓಡಿದ ದಿನ ಮಗಳಿಗೆ ನಿದ್ದೆ ಬರುತ್ತದೆ, ತಳಮಳ ಬಂದರೂ ಬೇಗ ಇಳಿಯುತ್ತದೆ, ಅಷ್ಟೇ ಎನ್ನುತ್ತಾಳೆ. ನಾವು ಕೆಲವರನ್ನು 'ತಲೆ ಓಡುವುದಿಲ್ಲ' ಎಂದು ಬೈಯುತ್ತೇವಲ್ಲ, ಸಹನಾಳ ಕಷ್ಟ ಅದಕ್ಕೆ ತದ್ವಿರುದ್ಧ: ತಲೆ ಓಡುವುದು ನಿಲ್ಲುವುದೇ ಇಲ್ಲ. ಆ ಕೆಲಸವನ್ನು ಕಾಲಿಗೆ ಒಪ್ಪಿಸಿದರೆ ತಲೆಗೆ ಸ್ವಲ್ಪ ರಜೆ.

ಅಕ್ಕನಿಗೆ ಮಂಡಿನೋವು ಶುರುವಾದಾಗ ನನಗೆ ಬುಲಾವ್ ಬಂತು. ಜೊತೆಗೆ ಓಡುತ್ತೇನೆ ಎಂದರೆ ಸುಳ್ಳಾದೀತು. ಸಹನಾ ಒಂದು ಸುತ್ತು ಮುಗಿಸಿ ಮತ್ತೆ ನನ್ನನ್ನು ದಾಟುವಾಗ, "ಬದಿಗೆ ಹೋಗಿ ಮಾವ," ಎನ್ನುತ್ತಾಳೆ.

ಹೋದ ಚಳಿಗಾಲ ಪುತ್ತೂರಿನಲ್ಲಿ ಊರವರ ಓಟವೊಂದಿತ್ತು. ಹೋಗುವ ಎಂದವಳು ಸಹನಾಳೇ. ಆದರೆ ಹೊರಡುವಲ್ಲಿ ಮೈಕು, ಡೋಲು, ಜನಜಾತ್ರೆ. ಅವಳು ಕಿವಿ ಮುಚ್ಚಿ ರಸ್ತೆಬದಿಯಲ್ಲಿ ಕೂತುಬಿಟ್ಟಳು. ಉಳಿದವರೆಲ್ಲ ಓಡಿ ಹೋದರು. ಮನೆಗೆ ಹೋಗೋಣವೇ ಎಂದು ಅಕ್ಕನನ್ನು ಮೆಲ್ಲನೆ ಕೇಳಿದೆ.

"ಅವಸರ ಎಂತದು? ಅವಳು ಹೇಳ್ಲಿ," ಎಂದಳು ಅಕ್ಕ.

ಗದ್ದಲ ಅಡಗಿತು. ಸಹನಾ ಎದ್ದು, ಲೇಸು ಬಿಗಿದು, ಒಬ್ಬಳೇ ಹೊರಟಳು. ಹಿಂದಿನಿಂದ ನಾನೂ ಓಡಿದೆ, ಏರು ಸಿಕ್ಕಿದಲ್ಲಿ ರಿಕ್ಷಾ ಹತ್ತಿ ಅವಳನ್ನು ಹಿಂಬಾಲಿಸಿದೆ. ಎಲ್ಲರೂ ಓಡಿ ಮುಗಿಸಿದ ಆ ದಾರಿಯಲ್ಲಿ ಅವಳು ಒಂದೇ ಹದದಲ್ಲಿ, ಎಲ್ಲೂ ನಿಲ್ಲದೆ ಓಡುತ್ತಿದ್ದಳು.

ಮುಗಿಯುವಲ್ಲಿ ಪೆಂಡಾಲು ಬಿಚ್ಚುತ್ತಿದ್ದರು. ಅವಳನ್ನು ಕಂಡು ಒಬ್ಬರು ಉತ್ಸಾಹದಿಂದ ಮೈಕು ಎತ್ತಿಕೊಂಡರು. ಅಲ್ಲಿಯೇ ಕಾಯುತ್ತಿದ್ದ ಅಕ್ಕ ಕುಂಟುತ್ತಾ ಹೋಗಿ, ಮಗಳಿಗೆ ಸದ್ದು ಆಗುವುದಿಲ್ಲವೆಂದು ಕೈಮುಗಿದಳು. ಅವರು ಮೈಕು ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಬೀಸಿದರು. ಪೆಂಡಾಲಿನವರೂ ಹಗ್ಗ ಬಿಟ್ಟು ಕೈ ಬೀಸಿದರು. ಆ ಮೌನದೊಳಗೆ ಸಹನಾ ಓಡಿ ಬಂದಳು, ಮುಖ ತಿಳಿಯಾಗಿತ್ತು. ಮೊದಲು ಬಂದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ, ತಿಳಿಯಬೇಕೆಂದು ಅನಿಸಿಯೂ ಇಲ್ಲ.

ಬರುವ ವರ್ಷವೂ ಬರುವುದಾ ಎಂದು ಕೇಳಿದೆ. ನೀರು ಕುಡಿದು ಮುಗಿಸಿ, ಸ್ವಲ್ಪ ಯೋಚಿಸಿ ಹೇಳಿದಳು: "ಬರುವ ಮಾವ. ಎಲ್ಲರೂ ಹೋದ ಮೇಲೆ ಓಡುವ."