ಮಂಚಯ್ಯನ ಕೈ ಒಳ್ಳೆಯದು

ನಮ್ಮ ಚಿಕ್ಕಪ್ಪ ಮಂಚಯ್ಯನವರ ಕೈಗಳನ್ನು ನೋಡಿದವರು ಅವುಗಳಲ್ಲಿ ಏನೋ ಕೊರತೆಯಿದೆ ಎಂದು ಹೇಳುತ್ತಿರಲಿಲ್ಲ. ಹತ್ತು ಬೆರಳೂ ಇದ್ದವು. ಉಗುರುಗಳು ಸ್ವಲ್ಪ ದಪ್ಪ, ತುದಿಯ ಚರ್ಮ ಮೇಣ ಸವರಿದಂತೆ ನುಣುಪು, ಅಷ್ಟೇ. ಆದರೆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಚಿಕ್ಕವ್ವ ತಿಮ್ಮಮ್ಮನೇ ಬರಬೇಕಿತ್ತು. ಬೀಡಿ ಉರಿಯುತ್ತಾ ಬೆರಳಿಗೆ ಬಂದರೆ, ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ಅವರು ಅದನ್ನು ಎಸೆಯುತ್ತಿದ್ದರು.

ಅದು ಸೈನ್ಯದಲ್ಲಿದ್ದಾಗ ಲಡಾಖಿನ ಹಿಮದಲ್ಲಿ ಆದದ್ದು. ಒಂದು ಚಳಿಗಾಲ, ಮೇಲಿನ ಠಾಣೆಗೆ ಸೀಮೆಎಣ್ಣೆ ಹೊತ್ತ ಹೇಸರಗತ್ತೆಗಳ ಜೊತೆ ಹೋಗಿದ್ದರು. ಹಗ್ಗದ ಗಂಟು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಕೈಗವಸು ಕಳಚಿ, ಬರಿಗೈಯಲ್ಲಿ ಗಂಟು ಬಿಚ್ಚಿ, ಒಂದೊಂದೇ ಡಬ್ಬ ಇಳಿಸಿದರು. ಬೆರಳುಗಳು ಮೊದಲು ಬೆಳ್ಳಗಾದವು, ಆಮೇಲೆ ಕಪ್ಪಾದವು. ಠಾಣೆಯಲ್ಲಿದ್ದವರೊಬ್ಬರು ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಹಿಮ ಕರಗಿ ಕೆಳಗಿಳಿಯುವ ಹೊತ್ತಿಗೆ ಹೊಸ ಚರ್ಮ ಬಂದಿತ್ತು. ಕಾಗದದಲ್ಲಿ ಯಾರೂ ಏನೂ ಬರೆಯಲಿಲ್ಲ. ಎರಡು ವರ್ಷದ ನಂತರ, ಬಂದೂಕಿನ ಗುರಿ ಸರಿಯಿಲ್ಲವೆಂದು, ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಅವರನ್ನು ಮನೆಗೆ ಕಳಿಸಿದರು. ಬಿಡುಗಡೆ ಪುಸ್ತಕದಲ್ಲಿ ನಡತೆಯ ಮುಂದೆ ‘ಅತ್ಯುತ್ತಮ’ ಎಂದಿತ್ತು. ಚಿಕ್ಕಪ್ಪ ಆ ಪದವನ್ನು ಬಹಳ ನಂಬಿದ್ದರು.

ಅವರು ಉಯ್ಯಂಬಳ್ಳಿಗೆ ಮರಳಿದ ಕಾಲಕ್ಕೆ ಊರಿಗೆ ಊರೇ ರೇಷ್ಮೆಗೆ ತಿರುಗಿತ್ತು. ರಾಗಿಯ ಹೊಲಗಳು ಹಿಪ್ಪುನೇರಳೆಯ ತೋಟಗಳಾದವು. ನಡುಮನೆ ಹುಳುಗಳಿಗೆ, ಜಗುಲಿ ಜನಕ್ಕೆ. ಹುಳು ಸೊಪ್ಪು ಮೇಯುವ ಸದ್ದಿನಲ್ಲೇ ನಾವು ಮಗ್ಗಿ ಕಲಿತೆವು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ, ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಬಿಡಬೇಕು. ಅಂದು ಎಷ್ಟು ಕೈ ಇದ್ದರೂ ಸಾಲದು. ಚಿಕ್ಕಪ್ಪನೂ ಬಂದು ಕುಳಿತರು. ಅವರು ಎತ್ತಿದ ಹುಳುಗಳು ಬೆರಳ ನಡುವೆಯೇ ಒಡೆದುಹೋದವು. ಎಷ್ಟು ಒತ್ತುತ್ತಿದ್ದೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಅವ್ವ ಬೈಯಲಿಲ್ಲ.

“ನೀನು ಒಸಿ ಹೊರಗ್ ಕೂತ್ಕೊ ಮಂಚಪ್ಪ,” ಎಂದಳು.

ಅವರು ಕೈ ತೊಳೆದುಕೊಂಡು ಜಗುಲಿಯ ತುದಿಗೆ ಹೋಗಿ ಕುಳಿತರು. ಊರೆಲ್ಲ ಹುಳುವಿನ ಕೆಲಸದಲ್ಲಿದ್ದ ಆ ವರ್ಷಗಳಲ್ಲಿ ಅವರೊಬ್ಬರೇ ಕುರಿ ಕಾದರು.

ಕೈ ಹೋದದ್ದು ಸೈನ್ಯದಲ್ಲೇ ಎಂದು ಒಪ್ಪಿ, ಅಂಗವಿಕಲರ ಪಿಂಚಣಿ ಕೊಡಬೇಕೆಂಬ ಅವರ ಅರ್ಜಿ ಐದು ವರ್ಷ ಮೇಜಿನಿಂದ ಮೇಜಿಗೆ ಓಡಾಡಿತು. “ಕೊಡದು ಬುಡದು ಆಮ್ಯಾಕೆ. ಕೈ ಅಲ್ಲೇ ಹೋಯ್ತು ಅಂತ ಒಂದ್ ಗೆರೆ ಬರುದ್ರೆ ಸಾಕು ನಂಗೆ,” ಎನ್ನುತ್ತಿದ್ದರು. ನೋಡಲು ನೆಟ್ಟಗಿರುವ ಕೈಯನ್ನು ಊರಿನವರೂ ಪೂರ್ತಿ ನಂಬಿರಲಿಲ್ಲ. ಮಿಲ್ಟ್ರಿಯವನಿಗೆ ಸೋಮಾರಿತನ ಎಂದು ಅವರ ಬೆನ್ನ ಹಿಂದೆ ಆಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಆ ಒಂದು ಗೆರೆ ಅವರಿಗೆ ಏಕೆ ಬೇಕಿತ್ತೆಂದು ನನಗೆ ಗೊತ್ತು.

ಆಗ ಮಾಜಿ ಸೈನಿಕರ ಕಚೇರಿ ಹೊಸ ಏರ್ಪಾಡೊಂದನ್ನು ಮಾಡಿತು. ಕಚೇರಿಯಲ್ಲಿದ್ದವರು ಮೂರೇ ಜನ; ಇಷ್ಟೆಲ್ಲ ಹಳ್ಳಿಗಳು ಅವರ ಕೈಗೆ ನಿಲುಕುತ್ತಿರಲಿಲ್ಲ. ಬೆಂಗಳೂರಿನ ಒಂದು ಸೇವಾಸಂಸ್ಥೆಯನ್ನೂ, ಗೂಡಿನಿಂದ ನೂಲು ಬಿಚ್ಚುವ ರಾಮನಗರದ ಕೆಲವು ಶೆಡ್ಡಿನ ಮಾಲೀಕರನ್ನೂ ಜೊತೆಗೆ ಸೇರಿಸಿಕೊಂಡರು. ಸಂಸ್ಥೆಯ ಜೀಪು ಊರೂರಿಗೆ ಬಂದು ಅರ್ಜಿ ಬರೆದುಕೊಳ್ಳುವುದು, ಶೆಡ್ಡಿನವರು ಮಾಜಿ ಸೈನಿಕರಿಗೆ ಕೆಲಸ ಕಲಿಸುವುದು. ಸಂಸ್ಥೆಯ ಮೇಡಂ ಚಿಕ್ಕಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಅವರ ಎರಡೂ ಕೈಗಳನ್ನು ತಿರುಗಿಸಿ ನೋಡಿದರು. ಸರ್ಕಾರದ ಹೆಸರಿನಲ್ಲಿ ಬಂದು ಆ ಕೈಗಳನ್ನು ಮುಟ್ಟಿದವರು ಅವರೇ ಮೊದಲು. ಅದನ್ನು ನಾನು ಮರೆಯುವಂತಿಲ್ಲ.

ಹೀಗೆ ಚಿಕ್ಕಪ್ಪ, ಚಿಕ್ಕವ್ವ ರಾಮನಗರದಲ್ಲಿ ಒಂದು ಕೋಣೆ ಹಿಡಿದರು. ನಾನು ಅಲ್ಲಿನ ಕಾಲೇಜಿಗೆ ಸೇರಿ ಅವರ ಜೊತೆಗೇ ಉಳಿದೆ.

ಚಿಕ್ಕಪ್ಪನನ್ನು ಕೆಲಸ ಕಲಿಯಲು ಸೇರಿಸಿದ್ದ ಇದ್ರೀಸ್ ಸಾಬರ ಶೆಡ್ಡಿಗೆ ಹೋದವರಿಗೆ ಮೊದಲು ಸಿಗುತ್ತಿದ್ದುದು ಆವಿ, ಆಮೇಲೆ ಬೆಂದ ಹುಳುವಿನ ವಾಸನೆ, ಜನ ಕಾಣುತ್ತಿದ್ದುದು ಕೊನೆಗೆ. ಬೇಸಿನ್ನಿನ ಬಿಸಿನೀರಿನಲ್ಲಿ ಗೂಡುಗಳು ತೇಲುತ್ತವೆ. ಕೂದಲಿಗಿಂತ ತೆಳ್ಳಗಿನ ಎಳೆಯ ತುದಿಯನ್ನು ಬೆರಳಲ್ಲಿ ಹುಡುಕಿ, ಓಡುವ ದಾರಕ್ಕೆ ಸೇರಿಸಬೇಕು. ಪ್ರತಿಯೊಬ್ಬರ ಪಕ್ಕದಲ್ಲೂ ತಣ್ಣೀರಿನ ಬಟ್ಟಲಿರುತ್ತದೆ. ಬೆರಳು ಬಿಸಿನೀರಿಗೆ, ತಣ್ಣೀರಿಗೆ, ಮತ್ತೆ ಬಿಸಿನೀರಿಗೆ. ಚಿಕ್ಕಪ್ಪ ಮೊದಲ ದಿನ ಎರಡೂ ಕೈಗಳನ್ನು ಬೇಸಿನ್ನಿನಲ್ಲಿಟ್ಟು ಹಾಗೆಯೇ ಕುಳಿತರಂತೆ. ಪಕ್ಕದ ಬೇಸಿನ್ನಿನ ಖುರ್ಷಿದಾ ಕೂಗಿಕೊಂಡಳು.

“ಏ ಮಿಲ್ಟ್ರಿ ಅಣ್ಣಾ, ಅದೇನ್ ಅರ್ಕಾವತಿ ಹೊಳೆ ಅಂದ್ಕೊಂಡ್ರಾ? ಕೈ ತೆಗೀರಿ, ಕೈ!”

“ಬಿಸಿ ಐತಾ ತಾಯಿ?”

“ಯಾ ಅಲ್ಲಾ! ಕೈ ಬೇಯ್ತಾ ಐತೆ, ಬಿಸಿ ಐತಾ ಅಂತಾರೆ!”

ಶೆಡ್ಡೆಲ್ಲ ನಕ್ಕಿತು. ಅಂದಿನಿಂದ ಅವರಿಗೆ ಕಬ್ಬಿಣದ ಕೈ ಎಂದು ಹೆಸರಾಯಿತು. ಆದರೆ ಅವರು ಬಿಚ್ಚಿದ ನೂಲು ಗಳಿಗೆಗೊಮ್ಮೆ ತುಂಡಾಗುತ್ತಿತ್ತು. ಎಳೆ ಕಣ್ಣಿಗೆ ಕಂಡರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಇದ್ರೀಸ್ ಸಾಬರು ಆ ನೂಲನ್ನು ಬೆಳಕಿಗೆ ಹಿಡಿದು ನೋಡಿ, ಚಿಕ್ಕಪ್ಪನನ್ನು ಗೂಡು ಬೇಯಿಸುವ ಒಲೆಯ ಕೆಲಸಕ್ಕೆ ಹಾಕಿದರು. ಕುದಿಯುವ ನೀರಿನಿಂದ ಗೂಡು ಎತ್ತಲು ಬೇರೆಯವರಿಗೆ ಜಾಲರಿಯ ಸೌಟು ಬೇಕು. ಚಿಕ್ಕಪ್ಪನಿಗೆ ಬೇಕಿರಲಿಲ್ಲ. ಸಂಜೆ ಚಿಕ್ಕವ್ವ ಅವರ ಕೈಗೆ ಕೊಬ್ಬರಿ ಎಣ್ಣೆ ಸವರುವಾಗ ಚರ್ಮ ಸುಲಿದು ಅವಳ ಅಂಗೈಗೆ ಅಂಟುತ್ತಿತ್ತು.

“ನಾಳಿಂದ ಸೌಟು ತಕ್ಕಳಿ,” ಎನ್ನುತ್ತಿದ್ದಳು.

“ಇದೊಂದ್ ಕೆಲ್ಸದಾಗೆ ನಾನು ಬ್ಯಾರೇರಿಗಿಂತ ಮುಂದೆ ಇವ್ನಿ. ಅದ್ನೂ ಬುಟ್ಬುಡ್ಲಾ?”

ಚಿಕ್ಕವ್ವ ಇನ್ನೊಂದು ಕೈಗೂ ಎಣ್ಣೆ ಹಚ್ಚಿದಳು.

ಎರಡನೆಯ ವರ್ಷ ಜೀಪಿನಲ್ಲಿ ಸುದ್ದಿ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರ ಮಂಡಳಿ ಚಿಕ್ಕಪ್ಪನ ಕೈ ಪರೀಕ್ಷೆ ಮಾಡಲಿದೆ. ಜೀಪಿನ ಬಳಿ ಇನ್ನೂ ಆರೇಳು ಜನ ಕಾಯುತ್ತಿದ್ದರು. ಮೇಡಂ ಅವಸರದಲ್ಲಿ, “ದಿನಾ ಹೇಗೆ ಕೆಲಸ ಮಾಡ್ತೀರಿ ಅಂತ ನಿಮ್ಮ ಮಾಲೀಕರಿಂದ ಒಂದು ಪತ್ರ ತನ್ನಿ, ಅರ್ಜಿ ಜೊತೆ ಇಡ್ತೀನಿ,” ಎಂದರು. ಇಷ್ಟೇ ಹೇಳಿದರು. ಆ ಕೈಯಿಂದ ಆಗದಿರುವುದೇನೆಂದು ಬರೆಸಿ ಎಂದು ಅವರು ಬಿಡಿಸಿ ಹೇಳಲಿಲ್ಲ. ನಾವೂ ಕೇಳಲಿಲ್ಲ.

ನೂಲು ಬಿಚ್ಚಾಣಿಕೆಯ ಶೆಡ್ಡುಗಳಿರುವ ಬೀದಿಯಲ್ಲಿ ಒಂದು ನಡೆಯಿದೆ. ಕೆಲಸಗಾರನ ಬಗ್ಗೆ ಹೊರಗಿನವರು ಕೇಳಿದರೆ ಮಾಲೀಕ ‘ಕೈ ಒಳ್ಳೆಯದು’ ಎಂದೇ ಹೇಳಬೇಕು. ಕೈ ಸರಿಯಿಲ್ಲ ಎಂಬ ಮಾತು ಬಾಯಿಂದ ಹೊರಬಿದ್ದರೆ ಮುಂದೆ ಯಾವ ಶೆಡ್ಡೂ ಅವನನ್ನು ಒಳಗೆ ಬಿಡುವುದಿಲ್ಲ. ಜಗಳವಾಡಿಕೊಂಡು ಹೋದವನ ಬಗ್ಗೆಯೂ ಹಾಗೆ ಹೇಳುವವರಿಲ್ಲ. ಇದ್ರೀಸ್ ಸಾಬರು ಮೂವತ್ತು ವರ್ಷ ಆ ನಡೆಯನ್ನು ಮೀರಿದವರಲ್ಲ. ಪತ್ರ ಬರೆದುಕೊಳ್ಳಲು ಚಿಕ್ಕಪ್ಪನ ಜೊತೆ ನಾನೂ ಅವರ ಬಳಿ ಹೋದೆ.

“ಏನ್ ಬರೀಬೇಕು ಮಂಚಣ್ಣ?” ಎಂದು ಕೇಳಿದರು.

“ನಿಮ್ಗೆ ತೋಚಿದ್ದು ಬರೀರಿ ಸಾಬ್ರೇ. ಒಸಿ ಚೆನ್ನಾಗ್ ಬರೀರಿ. ಒಳ್ಳೆ ಆಳು ಅಂತ ಗೊತ್ತಾದ್ರೆ ನನ್ ಮಾತ್ನ ನಂಬ್ತಾರೆ.”

“ಚೆನ್ನಾಗ್ ಬರೀದೆ ಇರ್ತೀನಾ? ನಮ್ ಶೆಡ್ ಆದ್ಮಿ ನೀನು. ಬರ್ಕೋ ಮಗಳೇ, ಇಂಗ್ಲಿಷ್‌ನಲ್ಲಿ ಬರ್ಕೋ. ಇವನ ಕೈ ಒಳ್ಳೇದು. ಕುದಿಯೋ ನೀರಿಗೆ ಎರಡೂ ಕೈ ಹಾಕಿ ಕೆಲಸ ಮಾಡ್ತಾನೆ, ಹಿಂದೆ ಮುಂದೆ ನೋಡಲ್ಲ. ಇಂಥ ಕೈ ನನ್ ಶೆಡ್ಡಲ್ಲಿ ಇನ್ನೊಂದಿಲ್ಲ.”

ನಾನು ಬರೆದುಕೊಂಡೆ. ಎರಡು ಪದ ಹೊಡೆದುಹಾಕಿ ಅವುಗಳಿಗಿಂತ ಚೆಂದದ ಪದ ಹಾಕಿದೆ. ಸಾಬರು ಸಹಿ ಮಾಡಿದರು. ಬೆರಳಲ್ಲಿ ಹಾಳೆ ನಿಲ್ಲುವುದಿಲ್ಲವೆಂದು ಚಿಕ್ಕಪ್ಪ ಅದನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡು ಮನೆಗೆ ತಂದರು. ಮರುದಿನ ಮೇಡಂ ಅದನ್ನು ಬಿಚ್ಚದೆಯೇ ಕಾಗದಗಳ ಕಟ್ಟಿಗೆ ಸೇರಿಸಿದರು.

ಮಂಡಳಿಯ ದಿನ ಬೆಳಗಿನ ರೈಲಿಗೆ ಹೋದೆವು. ಚಿಕ್ಕವ್ವ ಕತ್ತಿನವರೆಗೂ ಗುಂಡಿ ಹಾಕಿ ಕಳಿಸಿದ್ದಳು. ಬಿಡದಿ ದಾಟುವವರೆಗೆ ಚಿಕ್ಕಪ್ಪ ಕೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಕುಳಿತಿದ್ದರು, ಯಾರಿಗೋ ಕೊಡಲು ತಂದ ವಸ್ತುವಿನಂತೆ. ಒಳಗೆ ವೈದ್ಯರು ಸೂಜಿ ಚುಚ್ಚಿದರು. ತಿಳಿಯುವುದಿಲ್ಲ ಎಂದರು ಚಿಕ್ಕಪ್ಪ. ವೈದ್ಯರು ಪತ್ರ ಓದಿ, ಹಿಂದಿಯಲ್ಲಿ ಕೇಳಿದರು.

“ಎರಡೂ ಕೈಯಲ್ಲಿ ಕೆಲಸ ಮಾಡುತ್ತೀಯಾ?”

“ಹೌದು ಸಾಬ್.”

“ಚೆನ್ನಾಗಿ ಮಾಡುತ್ತೀಯಾ?”

“ಹೌದು ಸಾಬ್.”

ಬಾಗಿಲ ಬಳಿ ನಿಂತಿದ್ದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಪೆರೇಡಿನಲ್ಲಿ ನಿಂತ ಹಾಗೆ ನೆಟ್ಟಗಿತ್ತು. ನಾನೇ ಬರೆದ ಆ ಪತ್ರ ಅವರ ವಿರುದ್ಧವೇ ಸಾಕ್ಷಿ ಹೇಳುತ್ತಿದೆಯೆಂದು ನನಗೆ ಆ ಗಳಿಗೆಯಲ್ಲಿ ಮೊದಲ ಸಲ ಅರ್ಥವಾಯಿತು. ಒಳಗೆ ಹೋಗಿ ಹೇಳಬೇಕೆನ್ನಿಸಿತು. ನಾನು ಹೋಗಲಿಲ್ಲ.

ಮೂರು ತಿಂಗಳಿಗೆ ಎರಡು ಕಾಗದ ಬಂದವು. ಮಂಡಳಿಯದರಲ್ಲಿ, ಕೈಗಳ ಬಳಕೆಗೆ ಕುಂದಿಲ್ಲ, ಮಾಲೀಕರ ಪತ್ರವೇ ಅದಕ್ಕೆ ಸಾಕ್ಷಿ, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಇನ್ನೊಂದು ಸಂಸ್ಥೆಯ ವರ್ಷದ ವರದಿ. ಅದರಲ್ಲಿ ಚಿಕ್ಕಪ್ಪ ರೇಷ್ಮೆ ನೂಲಿನ ಲಡಿ ಹಿಡಿದು ನಿಂತ ಚಿತ್ರವಿತ್ತು. ಆ ಲಡಿ ಖುರ್ಷಿದಾ ಬಿಚ್ಚಿದ್ದು.

ನಾನು ಓದಿ ಹೇಳಿದೆ. ಚಿಕ್ಕಪ್ಪ ಮಂಡಳಿಯ ಕಾಗದವನ್ನು ಅಂಗೈಗಳ ನಡುವೆ ಹಿಡಿದುಕೊಂಡರು.

“ಅಲ್ಲಿ ಏನೂ ಆಗ್ಲಿಲ್ಲ ಅಂತ ಬರದವ್ರಾ ಮಗಾ?”

“ಹೂಂ ಚಿಕ್ಕಪ್ಪ.”

“ಸರಿ ಬುಡು,” ಎಂದರು.

ಇದ್ರೀಸ್ ಸಾಬರಿಗೆ ವಿಷಯ ತಿಳಿದಾಗ ಅವರು ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. “ಇನ್ನೊಂದು ಬರೀತೀನಿ. ಈ ಕೈ ಸತ್ತಿದೆ, ಇದರಿಂದ ಒಂದು ಎಳೆ ಹಿಡಿಯೋಕಾಗಲ್ಲ ಅಂತ ಬರೀತೀನಿ. ಬೀದಿ ಏನಾದ್ರೂ ಅಂದ್ಕೊಳ್ಳಲಿ.” ಅವರು ಹೇಳಿದರು, ನಾನು ಬರೆದೆ. ಈ ಸಲ ಯಾವ ಪದವನ್ನೂ ಬದಲಿಸಲಿಲ್ಲ.

ಮೇಡಂ ಈ ಪತ್ರವನ್ನು ಎರಡು ಸಲ ಓದಿದರು. “ಒಂದೇ ಸಹಿ, ಎರಡು ಮಾತು. ಇದನ್ನ ಕಳಿಸಿದ್ರೆ ಎರಡೂ ಸುಳ್ಳು ಅಂತಾರೆ,” ಎಂದರು. ಪತ್ರವನ್ನು ಮಡಿಸಿ ಹಿಂದಕ್ಕೆ ಕೊಡುತ್ತಾ, “ಮೊದಲನೇದನ್ನ ನಾನು ಓದಬೇಕಿತ್ತು,” ಎಂದರು. ಮುಚ್ಚಿದ ಅರ್ಜಿಯನ್ನು ತೆರೆಸುವ ಅಧಿಕಾರ ಸಂಸ್ಥೆಗಿರಲಿಲ್ಲ. ಕಚೇರಿಗೆ ಹೋದರೆ, ರಾಮನಗರದ ಕಡೆಯದನ್ನೆಲ್ಲ ಈಗ ಸಂಸ್ಥೆಯವರೇ ನೋಡುವುದು, ಅಲ್ಲೇ ಕೇಳಿ ಎಂದರು. ನಾಲ್ಕು ಸಲ ಹೋಗಿಬಂದೆವು. ಐದನೆಯ ಸಲ ಚಿಕ್ಕಪ್ಪ ಗುಂಡಿ ಹಾಕಿಸಿಕೊಳ್ಳಲು ಎದ್ದು ನಿಲ್ಲಲಿಲ್ಲ. ಇದ್ರೀಸ್ ಸಾಬರ ಎರಡನೆಯ ಪತ್ರ ಬಿಡುಗಡೆ ಪುಸ್ತಕದೊಳಗೆ, ‘ಅತ್ಯುತ್ತಮ’ ಎಂದು ಬರೆದ ಪುಟದಲ್ಲಿ ಈಗಲೂ ಇದೆ.

ಆ ವರ್ಷದ ಕೊನೆಗೆ ಜೀಪು ಮತ್ತೆ ಶೆಡ್ಡಿಗೆ ಬಂತು. ಮಾಗಡಿ, ಚನ್ನಪಟ್ಟಣದ ಕಡೆಯಿಂದ ಹೊಸದಾಗಿ ಹೆಸರು ಬರೆಸಿದ ಮೂವರು ಮಾಜಿ ಸೈನಿಕರನ್ನು ಕೆಲಸ ನೋಡಲು ಕರೆತಂದಿದ್ದರು. ಮೇಡಂ ಬಂದಿರಲಿಲ್ಲ. ಸಂಸ್ಥೆಯ ಬೇರೊಬ್ಬರು ವರದಿಯ ಚಿತ್ರ ತೋರಿಸಿ, “ಇವರೇ ಅವರು,” ಎಂದರು. ಚಿಕ್ಕವ್ವನಿಗೆ ಜ್ವರವಿದ್ದ ಕಾರಣ ಬುತ್ತಿ ಕೊಡಲು ನಾನು ಹೋಗಿದ್ದೆ.

ಚಿಕ್ಕಪ್ಪ ಅಂಗಿಯ ತೋಳು ಮಡಿಸಿ ಎರಡೂ ಕೈಗಳನ್ನು ಕುದಿಯುವ ನೀರಿಗಿಳಿಸಿದರು. ಆವಿ ಅವರ ಮುಖವನ್ನು ಮುಚ್ಚಿತು. ಬಂದವರಲ್ಲಿ ಚಿಕ್ಕ ಪ್ರಾಯದವರೊಬ್ಬರು ಬಾಗಿ ನೋಡಿ ಕೇಳಿದರು.

“ಬಿಸಿ ಇಲ್ವೇನಣ್ಣ ಅದು?”

ಚಿಕ್ಕಪ್ಪ ತಲೆಯೆತ್ತಲಿಲ್ಲ. ಖುರ್ಷಿದಾ ಇದ್ದ ಕಡೆಗೆ ಗಲ್ಲದಿಂದ ಸನ್ನೆ ಮಾಡಿದರು.

“ಅದ್ನ ಆ ತಾಯಿನ ಕೇಳಪ್ಪ,” ಎಂದರು.

ಖುರ್ಷಿದಾ ಓಡುತ್ತಿದ್ದ ದಾರವನ್ನು ನಿಲ್ಲಿಸಿದಳು. ತನ್ನ ತಣ್ಣೀರಿನ ಬಟ್ಟಲನ್ನು ಎತ್ತಿ ತಂದು ಚಿಕ್ಕಪ್ಪನ ಮೊಣಕೈ ಪಕ್ಕದಲ್ಲಿಟ್ಟಳು. ಸಂಸ್ಥೆಯವರು ತಮ್ಮ ಪುಸ್ತಕದಲ್ಲಿ ಮೂರು ಹೆಸರು ಬರೆದುಕೊಂಡರು.